ಆಗ ಇದ್ದವರೇ

ಶಿಡ್ಲಘಟ್ಟ, ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿ.
ನೂಲು ಬಿಚ್ಚಾಣಿಕೆದಾರರ ಸಂಘದ ಮಹಡಿ.
ಹತ್ತೂವರೆಗೆ ಕರೆದ ಮಹಾಸಭೆಗೆ
ನೂರಿಪ್ಪತ್ತು ಕುರ್ಚಿ ಬಾಡಿಗೆಗೆ ತರಿಸಿದ್ದೇನೆ.
ಕೂತವರು ಹನ್ನೆರಡು ಜನ,
ಅವರಲ್ಲೊಬ್ಬ ಕುರ್ಚಿಯ ಹಳೇ ಬಾಕಿ ಕೇಳಲು ಬಂದವ.

ನಾನು ಗುಮಾಸ್ತ.
ಇಪ್ಪತ್ತಾರು ವರ್ಷದ ನಡಾವಳಿ ನನ್ನದೇ ಕೈಬರಹ.
ಕೋರಂಗೆ ಐವತ್ತೊಂದು ಬೇಕು.
ಇಲ್ಲವಾದರೆ, ಬೈಲಾ ಹದಿನಾಲ್ಕು:
ಸಭೆಯನ್ನು ಅರ್ಧ ಗಂಟೆ ಮುಂದೂಡತಕ್ಕದ್ದು;
ಅದೇ ಜಾಗ, ಅದೇ ವಿಷಯ,
ಆಗ ಇದ್ದವರೇ ಕೋರಂ.

ಈ ಅರ್ಧ ಗಂಟೆ ನನಗಿಷ್ಟ.
ಯಾರೂ ಸೂಚಿಸುವುದಿಲ್ಲ, ಯಾರೂ ಅನುಮೋದಿಸುವುದಿಲ್ಲ.
ಫ್ಯಾನು ತಿರುಗುತ್ತದೆ, ಬೇಯಿಸಿದ ಹುಳದ ವಾಸನೆ
ಕಿಟಕಿಯಿಂದ ಬಂದು ಖಾಲಿ ಕುರ್ಚಿಗಳಲ್ಲಿ ಕೂರುತ್ತದೆ.

ಒಂದು ಕಾಲಕ್ಕೆ
ಚೀನಾ ನೂಲಿನ ವಿರುದ್ಧ ಒಂದು ಚೀಟಿ ಬರೆದರೆ ಸಾಕಿತ್ತು,
ಕೋಟೆ ವೃತ್ತದವರೆಗೂ ಬೇಸಿನ್ನುಗಳು ತಣ್ಣಗಾಗುತ್ತಿದ್ದವು.
ಮೆಟ್ಟಿಲ ಮೇಲೆ ಚಪ್ಪಲಿ ಹುಡುಕಲು ಜಗಳ.
ಈಗ ವಾಟ್ಸಾಪ್ ಗುಂಪಿನಲ್ಲಿ ನಾನೂರ ಹನ್ನೆರಡು ಮಂದಿ,
ಬೆಳಿಗ್ಗೆ ಆರಕ್ಕೇ ರೇಟು, ಆರೂಕಾಲಿಗೆ ಬೈಗುಳ,
ಮಧ್ಯೆ ಯಾರದೋ ಮಗುವಿನ ಹುಟ್ಟುಹಬ್ಬ.

'ವರ್ಷಕ್ಕೆ ಐನೂರು ಕಟ್ಟಿದರೆ ನನಗೇನು ಬರುತ್ತೆ?'
ಕೇಳಿದ ಇಮ್ದಾದುಲ್ಲಾ, ಎಪ್ಪತ್ತನೇ ನಂಬರಿನ ಸದಸ್ಯರ ಮೊಮ್ಮಗ.
ಸಿಟ್ಟಿರಲಿಲ್ಲ, ಲೆಕ್ಕ ಕೇಳುವ ದನಿ ಅಷ್ಟೆ.
ಉತ್ತರ ಹೊಳೆಯದೆ ಕ್ಯಾಲೆಂಡರು ಕೊಟ್ಟೆ.
ಆಟೋಮ್ಯಾಟಿಕ್ ಮಿಷನ್ನಿನ ಇಬ್ಬರು ಬರುವುದೇ ಇಲ್ಲ;
ಅವರದೇ ಬೇರೆ ಒಕ್ಕೂಟ,
ಹೋಟೆಲಿನಲ್ಲಿ ಸಭೆ, ಕತ್ತಿಗೆ ದಾರದ ಗುರುತುಚೀಟಿ.

ನವೀಕರಣ ಬಾಕಿ. ಐದು ವರ್ಷದ ಆಡಿಟ್ಟೂ ಬಾಕಿ.
ಎಲ್ಲ ಆನ್‌ಲೈನು ಈಗ. ಒಟಿಪಿ ಹೋಗುವುದು
ತೀರಿಹೋದ ಕಾರ್ಯದರ್ಶಿ ಗಂಗುಲಪ್ಪನವರ ನಂಬರಿಗೆ.
ಅವರ ಸೊಸೆ ಒಲೆ ಸಣ್ಣ ಮಾಡಿ ಓದುತ್ತಾಳೆ:
ಏಳು, ಸೊನ್ನೆ, ಏಳು, ಎರಡು...
'ಮಾವ ಇದ್ದಿದ್ರೆ' ಅನ್ನುತ್ತಾಳೆ.
ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಅಧ್ಯಕ್ಷ ಸನಾವುಲ್ಲಾ ಸಾಹೇಬರು
ಭಾಷಣದ ಚೀಟಿ ತಿರುವಿಹಾಕುತ್ತಿದ್ದಾರೆ.
ಹೋದ ವರ್ಷದ್ದೇ ಚೀಟಿ, ತಾರೀಖು ಮಾತ್ರ ತಿದ್ದಿದ್ದು.
ಅಭ್ಯಾಸಕ್ಕೆಂಬಂತೆ ಒಂದು ಸಾಲು ಜೋರಾಗಿ ಓದಿದರು:
'ಎಂಟು ಗೂಡಿನ ಎಳೆ ಸೇರಿದರೇ ಒಂದು ನೂಲು.'

ಕಾಫಿ ಲೋಟ ಎತ್ತುತ್ತಿದ್ದ ಪಿಳ್ಳಕ್ಕ ನಿಂತಳು.
ಮೂವತ್ತು ವರ್ಷ ಬೇಸಿನ್ನಿನ ಮುಂದೆ ಕೂತವಳು,
ಬೆರಳ ತುದಿ ಸುಣ್ಣದಂತೆ ಬಿಳಿ, ರೇಖೆ ಇಲ್ಲ;
ಹೆಬ್ಬೆಟ್ಟು ಹಿಡಿಯದೆ ರೇಷನ್ನೂ ಒಮ್ಮೆ ನಿಂತಿತ್ತು.
'ಎಳೆ ತಾವಾಗೇ ಬಂದು ಸೇರ್ಕಂತವಾ ಸಾಬ್ರೇ?
ಕುದಿಯೋ ನೀರಾಗೆ ಯಾರಾನಾ ಕೈ ಇಕ್ಕಿ
ತುದಿ ಹುಡುಕ್ಬೇಕು.'

ಯಾರೋ ನಕ್ಕರು, ಯಾರೋ ಕೆಮ್ಮಿದರು.
ಸಾಹೇಬರು ಪೆನ್ನು ತೆಗೆದು
ಚೀಟಿಯ ಅಂಚಿನಲ್ಲಿ ಏನೋ ಬರೆಯಹೋಗಿ
ಬರೆಯದೆ ಕ್ಯಾಪು ಹಾಕಿದರು.

ಬೇಸಿನ್ನಿನವರು ಸದಸ್ಯರಲ್ಲ.
ಬೈಲಾ ನಾಲ್ಕು: ಲೈಸೆನ್ಸು ಉಳ್ಳವರು ಮಾತ್ರ.
ಅದನ್ನೂ ನಾನೇ ಟೈಪು ಮಾಡಿಸಿದ್ದೆ.

ಹನ್ನೊಂದು ಗಂಟೆ.
ಗೋಡೆಯ ಗಡಿಯಾರ ಕೊಟ್ಟ ಬ್ಯಾಂಕು
ಬೇರೆ ಬ್ಯಾಂಕಿನೊಳಗೆ ಕರಗಿ ಎಷ್ಟೋ ಆಯಿತು,
ಟೈಮು ಮಾತ್ರ ಸರಿಯಾಗಿದೆ.
ಸಾಹೇಬರು ಮೇಜು ಕುಟ್ಟಿದರು.
'ಹಾಜರಿದ್ದವರು' ಎಂದು ಬರೆದು ತಲೆ ಎತ್ತಿದೆ.

ಬಾಕಿಯವನು ಎದ್ದುಹೋಗಿದ್ದ.
ಕೊನೆಯ ಸಾಲಿನಲ್ಲಿ ಪಿಳ್ಳಕ್ಕ,
ಮಂಡಿನೋವಿಗೋ ಏನೋ, ಕುರ್ಚಿ ಎಳೆದು ಕೂತಿದ್ದಳು,
ಲೋಟಗಳು ಮಡಿಲಲ್ಲಿ.

ಹನ್ನೊಂದು ಅಂತ ಬರೆದೆ.
ಹೊಡೆದುಹಾಕಿದೆ.

ನಡಾವಳಿಯಲ್ಲಿ ಚಿತ್ತು ಇರಬಾರದು.
ಈ ಪುಟದಲ್ಲಿ ಒಂದಿದೆ.